ಓದುಗರ ಪ್ರಶ್ನೆ: ಒಂದೇ ವಿಶ್ವವಿದ್ಯಾಲಯ, 47 ವರ್ಷ, ಒಬ್ಬ ಫುಟ್‌ಬಾಲ್ ಕೋಚ್

ಅಮೆರಿಕದ ಚಾಪೆಲ್ ಹಿಲ್ ಊರಿನಲ್ಲಿರುವ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಮಹಿಳಾ ಫುಟ್‌ಬಾಲ್ ತಂಡವನ್ನು ಕಟ್ಟಿ, 21 ರಾಷ್ಟ್ರೀಯ ಪ್ರಶಸ್ತಿ ಗೆದ್ದು, 2024ರಲ್ಲಿ ನಿವೃತ್ತರಾದ ಆನ್ಸನ್ ಡಾರನ್ಸ್ ಅವರ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ನಾಲ್ಕು ಸಾಲು ಬರೆದಿದ್ದೆ. ಆ ನಾಲ್ಕು ಸಾಲಿಗೆ ಬಂದ ಪತ್ರಗಳು ನಾನು ಊಹಿಸಿದ್ದಕ್ಕಿಂತ ಹೆಚ್ಚು. ಅವುಗಳಲ್ಲಿ ಕೆಲವನ್ನು ಆರಿಸಿ ಈ ಬಾರಿಯ ಅಂಕಣವನ್ನು ಪೂರ್ತಿ ಅದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ. ನಮ್ಮ ಕಾಲೇಜಿನಲ್ಲಿ ಕಬಡ್ಡಿಯಿಂದ ಚದುರಂಗದವರೆಗೆ ಎಲ್ಲ ಆಟಗಳನ್ನೂ ನಾನೊಬ್ಬನೇ ನೋಡಿಕೊಳ್ಳುತ್ತಿದ್ದೆ; ಕ್ರೀಡಾಕೂಟದ ದಿನ ಮೈದಾನಕ್ಕೆ ಸುಣ್ಣದ ಗೆರೆ ಎಳೆಸುವುದೂ ನನ್ನ ಪಾಲಿಗೇ ಬರುತ್ತಿತ್ತು. ಅಮೆರಿಕದಲ್ಲಿ ಒಬ್ಬ ವ್ಯಕ್ತಿ ಒಂದೇ ಕಾಲೇಜಿನಲ್ಲಿ ಒಂದೇ ಆಟವನ್ನು ಕಲಿಸುತ್ತ ಇಡೀ ವೃತ್ತಿಜೀವನವನ್ನು ಕಳೆಯಬಹುದೆನ್ನುವುದು ನಿಜವೇ? ಡಾರನ್ಸ್ ಅವರಿಗೆ ಆ ಕೆಲಸ ಸಿಕ್ಕಿದ್ದು ಹೇಗೆ?
– ಧಾರವಾಡದ ಓದುಗರೊಬ್ಬರು

ಉತ್ತರ: ನಿಜ. ಆದರೆ ಅಲ್ಲಿಯೂ ಆರಂಭ ನಿಮ್ಮ ಅನುಭವದಷ್ಟೇ ಬಡವಾಗಿತ್ತು ಎಂಬುದನ್ನು ಮೊದಲು ಹೇಳಬೇಕು. ಡಾರನ್ಸ್ ಹುಟ್ಟಿದ್ದು 1951ರಲ್ಲಿ, ನಮ್ಮ ಬಾಂಬೆಯಲ್ಲಿ. ತಂದೆ ತಾಯಿ ಇಬ್ಬರೂ ಅಮೆರಿಕದವರು. ತಂದೆಗೆ ತೈಲ ಕಂಪನಿಯೊಂದರಲ್ಲಿ ಕೆಲಸವಿದ್ದುದರಿಂದ ಕಲ್ಕತ್ತಾ, ಇಥಿಯೋಪಿಯಾ, ಕೀನ್ಯಾ, ಸಿಂಗಪುರ, ಬೆಲ್ಜಿಯಂ ಎಂದು ಕುಟುಂಬ ಊರೂರು ಸುತ್ತಿತು. ಹುಡುಗ ಪ್ರೌಢಶಾಲೆ ಓದಿದ್ದು ಸ್ವಿಟ್ಜರ್ಲೆಂಡಿನಲ್ಲಿ. ಬಾಂಬೆಯಲ್ಲಿ ಹುಟ್ಟಿದರೆಂಬ ಕಾರಣಕ್ಕೆ ಅವರ ಸಾಧನೆಯಲ್ಲಿ ನಾವು ಪಾಲು ಕೇಳುವುದು ತಮಾಷೆಯಾದೀತು. ಆದರೆ ಅಮೆರಿಕದ ಹುಡುಗರು ಬೇಸ್‌ಬಾಲ್ ಆಡುತ್ತಿದ್ದ ಕಾಲದಲ್ಲಿ ಈ ಹುಡುಗ ಫುಟ್‌ಬಾಲ್ ಆಡುವ ದೇಶಗಳಲ್ಲಿ ಬೆಳೆದ ಎನ್ನುವುದನ್ನು ಮಾತ್ರ ಮರೆಯುವಂತಿಲ್ಲ. ಆ ಆಟಕ್ಕೆ ಅಮೆರಿಕನ್ನರು ಸಾಕರ್ ಎನ್ನುತ್ತಾರೆ, ಏಕೆಂದರೆ ಫುಟ್‌ಬಾಲ್ ಎಂಬ ಹೆಸರನ್ನು ಅವರು ಕೈಯಲ್ಲಿ ಆಡುವ ಬೇರೊಂದು ಆಟಕ್ಕೆ ಕೊಟ್ಟುಬಿಟ್ಟಿದ್ದಾರೆ.

ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಮತ್ತು ತತ್ವಶಾಸ್ತ್ರ ಓದಿ, ಅಲ್ಲಿನ ಪುರುಷರ ತಂಡದಲ್ಲಿ ಆಡಿ, 1974ರಲ್ಲಿ ಅವರು ಪದವಿ ಪಡೆದರು. ವಕೀಲರಾಗುವ ಉದ್ದೇಶದಿಂದ ಕಾನೂನು ಓದಿಗೂ ಸೇರಿದರು. ಅಷ್ಟರಲ್ಲಿ ಅವರ ಹಳೆಯ ಕೋಚ್ ಮಾರ್ವಿನ್ ಅಲೆನ್ ನಿವೃತ್ತರಾಗುವ ಕಾಲ ಬಂತು. ತಮ್ಮ ಜಾಗಕ್ಕೆ ಈ ತರುಣನನ್ನೇ ತೆಗೆದುಕೊಳ್ಳಬೇಕೆಂದು ಅಲೆನ್ ಸೂಚಿಸಿದರು. 1977ರಲ್ಲಿ ಡಾರನ್ಸ್ ಪುರುಷರ ತಂಡದ ಕೋಚ್ ಆದರು. ಎರಡು ವರ್ಷದ ಬಳಿಕ, ವಿಶ್ವವಿದ್ಯಾಲಯದ ಹುಡುಗಿಯರು ತಾವೇ ಕೂಡಿಕೊಂಡು ಆಡುತ್ತಿದ್ದ ಕ್ಲಬ್ ತಂಡವೊಂದು ತನ್ನನ್ನು ಅಧಿಕೃತ ತಂಡವಾಗಿ ಮಾನ್ಯ ಮಾಡಬೇಕೆಂದು ಕೇಳಿತು. ಕ್ರೀಡಾ ವಿಭಾಗದ ಮುಖ್ಯಸ್ಥರು ಆ ಆಟವನ್ನು ನೋಡಿ ಬರೋಣವೆಂದು ಡಾರನ್ಸ್ ಅವರನ್ನೂ ಕರೆದೊಯ್ದರು. 1979ರಲ್ಲಿ ಹುಡುಗಿಯರ ತಂಡಕ್ಕೆ ಮಾನ್ಯತೆ ಸಿಕ್ಕಿತು. ಕೋಚ್ ಹೊಣೆ ಡಾರನ್ಸ್ ಅವರ ಹೆಗಲಿಗೇ ಬಿತ್ತು. ಮುಂದೆ 1988ರವರೆಗೂ ಅವರು ಎರಡೂ ತಂಡಗಳನ್ನು ಒಟ್ಟಿಗೇ ನಡೆಸಿದರು. ಕಾನೂನು ಪದವಿ ಮಾತ್ರ ಮುಗಿಯಲೇ ಇಲ್ಲ.

ನಿಮ್ಮ ಪ್ರಶ್ನೆಯ ಮರ್ಮ ಇರುವುದು ಇಲ್ಲಿಯೇ. ಅವರಿಗೆ ಸಿದ್ಧವಾದ ಕುರ್ಚಿಯೊಂದು ಕಾದಿರಲಿಲ್ಲ. ಹುಡುಗಿಯರು ಆಡುತ್ತಿದ್ದರು, ಕಾನೂನು ಬಾಗಿಲು ತೆರೆದಿತ್ತು, ಬಾಗಿಲ ಬಳಿ ಅರ್ಧ ಮನಸ್ಸಿನಲ್ಲಿ ನಿಂತಿದ್ದ ಒಬ್ಬ ತರುಣ ಒಳಗೆ ಹೋದ. ಒಳಹೋದವನು ಹೊರಬರದೆ ಅಲ್ಲೇ ಉಳಿದನೆನ್ನುವುದು ಎರಡನೆಯ ಮಾತು, ಮತ್ತು ಹೆಚ್ಚು ಮುಖ್ಯವಾದ ಮಾತು.

ಪ್ರಶ್ನೆ: ‘ಕಾನೂನು ಬಾಗಿಲು ತೆರೆಯಿತು’ ಎಂದು ನೀವು ಹಿಂದೆಯೂ ಬರೆದಿದ್ದಿರಿ. ಫುಟ್‌ಬಾಲಿಗೂ ಕಾನೂನಿಗೂ ಏನು ಸಂಬಂಧ?
– ತುಮಕೂರಿನ ವಕೀಲರೊಬ್ಬರು

ಉತ್ತರ: 1972ರಲ್ಲಿ ಅಮೆರಿಕದ ಸಂಸತ್ತು ಒಂದು ಶಿಕ್ಷಣ ಕಾಯ್ದೆಯನ್ನು ತಂದಿತು, ಅದರ ಒಂಬತ್ತನೆಯ ಭಾಗವನ್ನು ಅಲ್ಲಿನವರು ಟೈಟಲ್ ನೈನ್ ಎಂದೇ ಕರೆಯುತ್ತಾರೆ. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಲಿಂಗದ ಆಧಾರದಲ್ಲಿ ಯಾರನ್ನೂ ಹೊರಗಿಡುವಂತಿಲ್ಲ ಎಂಬುದು ಅದರ ಸಾರ. ಕ್ರೀಡೆಯನ್ನು ಗುರಿಯಿಟ್ಟು ಬರೆದ ಕಾಯ್ದೆ ಅದಾಗಿರಲಿಲ್ಲ, ಆದರೆ ಅದರ ಪೆಟ್ಟು ಬಲವಾಗಿ ಬಿದ್ದದ್ದು ಮೈದಾನದ ಮೇಲೆ. ಅಮೆರಿಕನ್ ಫುಟ್‌ಬಾಲ್ ತಂಡವೊಂದೇ 85 ಹುಡುಗರಿಗೆ ವಿದ್ಯಾರ್ಥಿವೇತನ ಕೊಡುತ್ತಿದ್ದ ವಿಶ್ವವಿದ್ಯಾಲಯಗಳಲ್ಲಿ ಹೆಣ್ಣುಮಕ್ಕಳ ಕಡೆಯ ತಟ್ಟೆಯನ್ನೂ ತೂಗಿಸಬೇಕಿದ್ದರೆ ದೊಡ್ಡ ತಂಡ ಬೇಕಾಗುವ, ಖರ್ಚು ಕಡಿಮೆಯ ಆಟವೊಂದು ಬೇಕಿತ್ತು. ಸಾಕರ್ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಹೀಗಾಗಿಯೇ ಕಾಲೇಜು ಕ್ರೀಡೆಯ ಉನ್ನತ ದರ್ಜೆಯಲ್ಲಿ ಮಹಿಳಾ ಸಾಕರ್ ತಂಡಕ್ಕೆ 14 ವಿದ್ಯಾರ್ಥಿವೇತನಗಳ ಮಿತಿಯಿದ್ದರೆ ಪುರುಷರ ತಂಡಕ್ಕೆ 9.9 ಮಾತ್ರ ಇತ್ತು. ಇಂದು ಆ ದರ್ಜೆಯಲ್ಲಿ 300ಕ್ಕೂ ಹೆಚ್ಚು ಮಹಿಳಾ ತಂಡಗಳಿವೆ, ಪುರುಷರ ತಂಡಗಳು 200ರ ಆಸುಪಾಸು. ಒಬ್ಬ ಕೋಚ್‌ಗೆ ಜೀವಮಾನದ ವೃತ್ತಿ ಸಿಗಬೇಕಾದರೆ ಎಷ್ಟು ತಂಡಗಳಿವೆ ಎನ್ನುವುದೇ ಮೊದಲ ಲೆಕ್ಕ ತಾನೆ?

ಪ್ರಶ್ನೆ: 21 ರಾಷ್ಟ್ರೀಯ ಪ್ರಶಸ್ತಿ ಎಂದರೆ ನಂಬುವುದು ಕಷ್ಟ. ಒಳ್ಳೆಯ ಆಟಗಾರ್ತಿಯರೆಲ್ಲ ಒಂದೇ ಕಡೆ ಸೇರಿದರೆ ಯಾರು ಕೋಚ್ ಆದರೂ ಗೆಲ್ಲುವುದಿಲ್ಲವೇ? ಅವರ ವಿಧಾನದಲ್ಲಿ ಕಲಿಯುವಂಥದ್ದು ನಿಜವಾಗಿ ಏನಿದೆ?
– ಶಿವಮೊಗ್ಗದ ಓದುಗರೊಬ್ಬರು

ಉತ್ತರ: ನಿಮ್ಮ ಅನುಮಾನ ನ್ಯಾಯವಾದುದು. ಮೊದಲು ಲೆಕ್ಕ ನೋಡೋಣ. 1981ರಲ್ಲಿ, ಮಹಿಳಾ ಕ್ರೀಡೆಗಳನ್ನು ಬೇರೆಯದೇ ಸಂಘವೊಂದು ನಡೆಸುತ್ತಿದ್ದಾಗ, ಚಾಪೆಲ್ ಹಿಲ್ ತಂಡ ಅದರ ಮೊದಲ ಪ್ರಶಸ್ತಿ ಗೆದ್ದಿತು. 1982ರಿಂದ ಅಮೆರಿಕದ ಕಾಲೇಜು ಕ್ರೀಡೆಯ ಮುಖ್ಯ ಸಂಸ್ಥೆಯಾದ ಎನ್‌ಸಿಎಎ ಮಹಿಳೆಯರ ಸಾಕರ್ ಟೂರ್ನಿ ಆರಂಭಿಸಿತು; ಆ ವರ್ಷದಿಂದ 2012ರವರೆಗೆ 21 ಬಾರಿ ಪ್ರಶಸ್ತಿ ಡಾರನ್ಸ್ ತಂಡಕ್ಕೆ ಹೋಯಿತು. 1986ರಿಂದ 1994ರವರೆಗೆ ಸತತ ಒಂಬತ್ತು ಬಾರಿ ಗೆದ್ದರು. ಒಂದು ಅವಧಿಯಲ್ಲಿ 103 ಪಂದ್ಯಗಳಲ್ಲಿ ಸೋಲೇ ಇರಲಿಲ್ಲ. 1990ರಲ್ಲಿ ಕನೆಕ್ಟಿಕಟ್ ತಂಡ ಆ ಸರಪಳಿಯನ್ನು ಕಡಿದ ಮೇಲೆ ಇನ್ನೊಂದು ಸರಪಳಿ ಶುರುವಾಗಿ ಸತತ 92 ಗೆಲುವಿನವರೆಗೆ ಬೆಳೆಯಿತು. ಒಟ್ಟು ವೃತ್ತಿಯಲ್ಲಿ ಮಹಿಳಾ ತಂಡದೊಂದಿಗೆ 934 ಗೆಲುವು, 88 ಸೋಲು, 53 ಡ್ರಾ. 45 ಋತುಗಳಿಗೆ ಹಂಚಿದರೆ ವರ್ಷಕ್ಕೆ ಎರಡು ಸೋಲೂ ಬೀಳುವುದಿಲ್ಲ.

ಇನ್ನು ನಿಮ್ಮ ಅನುಮಾನ. 1982ರ ಟೂರ್ನಿಯಲ್ಲಿ ಇದ್ದದ್ದು 12 ತಂಡಗಳು, ಈಗ 64. ಬೇರೆ ವಿಶ್ವವಿದ್ಯಾಲಯಗಳು ಕಣ್ಣು ಬಿಡುವ ಮೊದಲೇ ಚಾಪೆಲ್ ಹಿಲ್‌ನವರು ಹತ್ತು ಹೆಜ್ಜೆ ಮುಂದೆ ಹೋಗಿದ್ದರು ಎನ್ನುವುದರಲ್ಲಿ ಸಂದೇಹವಿಲ್ಲ. 2000ದವರೆಗಿನ ಮೊದಲ 19 ಟೂರ್ನಿಗಳಲ್ಲಿ 16 ಪ್ರಶಸ್ತಿ, ಆಮೇಲಿನ 12 ವರ್ಷಗಳಲ್ಲಿ 5, ಅದಾದ ಮೇಲೆ ಅವರ ಕೈಯಲ್ಲಿ ಒಂದೂ ಇಲ್ಲ ಎಂಬ ಇಳಿಜಾರೇ ಉಳಿದವರು ಹೇಗೆ ಹತ್ತಿರ ಬಂದರೆಂದು ತೋರಿಸುತ್ತದೆ. ಮೊದಲಿಗರಾಗಿದ್ದ ಲಾಭವನ್ನು ಅವರ ಸಾಧನೆಯಿಂದ ಕಳೆದೇ ಓದಬೇಕು.

ಆದರೂ ಕಳೆದ ಮೇಲೆ ಉಳಿಯುವುದು ಸಣ್ಣದಲ್ಲ. ಚಾಪೆಲ್ ಹಿಲ್‌ನಲ್ಲಿ ಆಗ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿದ್ದವರು ಡೀನ್ ಸ್ಮಿತ್, ಮೈಕೆಲ್ ಜೋರ್ಡನ್ ಅವರ ಗುರು. ಸ್ಮಿತ್ ಅವರ ಅಭ್ಯಾಸವನ್ನು ನೋಡಲು ಹೋದ ಡಾರನ್ಸ್, ಅಂಗಳದ ಸುತ್ತ ನಿಂತಿದ್ದ ವಿದ್ಯಾರ್ಥಿಗಳು ಪ್ರತಿಯೊಂದು ಎಸೆತವನ್ನೂ ಬರೆದಿಟ್ಟುಕೊಳ್ಳುವುದನ್ನು ಕಂಡರು. ಆ ಪದ್ಧತಿಯನ್ನು ಅವರು ಫುಟ್‌ಬಾಲ್ ಮೈದಾನಕ್ಕೆ ತಂದರು. ಒಬ್ಬರ ಎದುರು ಒಬ್ಬರ ಸೆಣಸಾಟ, ಓಟ, ತಲೆಯಿಂದ ಚೆಂಡು ಹೊಡೆಯುವುದು, ಗೋಲಿಗೆ ಗುರಿಯಿಡುವುದು, ನಾಲ್ವರ ವಿರುದ್ಧ ನಾಲ್ವರ ಆಟ, ಹೀಗೆ ಅಭ್ಯಾಸದಲ್ಲಿ ನಡೆಯುವ ಪ್ರತಿಯೊಂದಕ್ಕೂ ಸೋಲು ಗೆಲುವು ಉಂಟು. ಪ್ರತಿಯೊಂದಕ್ಕೂ ಲೆಕ್ಕ ಉಂಟು. ಲೆಕ್ಕದ ಪ್ರಕಾರ ತಂಡದ ಎಲ್ಲರ ಸ್ಥಾನ ಮೊದಲಿನಿಂದ ಕೊನೆಯವರೆಗೆ ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಬರುತ್ತದೆ. ಈ ಏರ್ಪಾಟಿಗೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ ‘ಪೈಪೋಟಿಯ ಕೊಪ್ಪರಿಗೆ’ ಎನ್ನಬಹುದು. ಗೆಳತಿಯರ ಎದುರು ಪೂರ್ತಿ ಬಲ ಹಾಕಲು ಹಿಂಜರಿಯುವ ಹುಡುಗಿಯರಿಗೆ, ಹಾಗೆ ಹಾಕುವುದು ತಪ್ಪಲ್ಲ, ಇಲ್ಲಿ ಅದೇ ಮರ್ಯಾದೆ ಎಂದು ಆ ಪಟ್ಟಿ ದಿನವೂ ಹೇಳುತ್ತಿತ್ತು.

ಇದರ ಜೊತೆ ಇನ್ನೊಂದು ಗುಟ್ಟಿದೆ. ಅವರ ತಂಡ ಹಿಂದೆ ಮೂವರನ್ನಷ್ಟೇ ನಿಲ್ಲಿಸಿ, ಎದುರಾಳಿಯ ಅರ್ಧದಲ್ಲೇ ಚೆಂಡನ್ನು ಕಸಿಯಲು ಮುಗಿಬೀಳುತ್ತಿತ್ತು. ಇಂಥ ಆಟ ಆಡಿದರೆ ಹತ್ತು ಹದಿನೈದು ನಿಮಿಷದಲ್ಲಿ ಉಸಿರು ಸೋಲುತ್ತದೆ. ಅಮೆರಿಕದ ಕಾಲೇಜು ನಿಯಮದಲ್ಲಿ ಬದಲಿ ಆಟಗಾರರನ್ನು ಧಾರಾಳವಾಗಿ ಇಳಿಸಬಹುದು. ಮೊದಲರ್ಧದಲ್ಲಿ ಹೊರಬಂದವರು ಆ ಅರ್ಧದಲ್ಲಿ ಮರಳುವಂತಿಲ್ಲ, ಎರಡನೆಯ ಅರ್ಧದಲ್ಲಿ ಹೊರಬಂದವರು ಒಮ್ಮೆ ಮರಳಬಹುದು. ಡಾರನ್ಸ್ ಈ ನಿಯಮದ ಕೊನೆಯ ಹನಿಯನ್ನೂ ಹಿಂಡಿದರು. ಪಂದ್ಯದ ನಡುವೆ ಇಡೀ ಮುಂಚೂಣಿಯನ್ನೇ ಹೊರಗೆ ಕರೆಸಿ, ಹೊಸ ಕಾಲುಗಳನ್ನು ಇಳಿಸುತ್ತಿದ್ದರು. ಇದು ವಿಶ್ವಕಪ್ಪಿನಲ್ಲಿ ನಡೆಯುವ ಕೆಲಸವಲ್ಲ, ಕಾಲೇಜು ಆಟವೇ ಬೇರೆ ಎಂದು ಮೂಗು ಮುರಿಯುವವರು ಇಂದಿಗೂ ಇದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧಕ್ಕೆ ಮುಂದಿನ ಉತ್ತರ ನೋಡಿ.

ಪ್ರಶ್ನೆ: ಕಾಲೇಜು ಕೋಚ್ ಆಗಿದ್ದವರು ಮುಂದೆ ದೊಡ್ಡ ಮಟ್ಟಕ್ಕೆ ಏರಿದ ಉದಾಹರಣೆಗಳಿವೆಯೇ? ನಮ್ಮ ಬಡಾವಣೆಯಲ್ಲಿ ಒಂದು ಕಾಲದಲ್ಲಿ ಒಲಿಂಪಿಕ್ಸ್ ಆಟಗಾರರಿದ್ದರು, ಆದರೆ ಕೋಚ್‌ಗಳನ್ನು ಯಾರೂ ನೆನಪಿಟ್ಟಿಲ್ಲ.
– ಬೆಂಗಳೂರಿನ ಆಸ್ಟಿನ್ ಟೌನ್‌ನ ಓದುಗರು

ಉತ್ತರ: ಇವೆ. ಡಾರನ್ಸ್ ಅವರೇ ವಿಶ್ವವಿದ್ಯಾಲಯದ ಕೆಲಸವನ್ನು ಬಿಡದೆ 1986ರಿಂದ 1994ರವರೆಗೆ ಅಮೆರಿಕದ ಮಹಿಳಾ ರಾಷ್ಟ್ರೀಯ ತಂಡದ ಕೋಚ್ ಆಗಿದ್ದರು. ಮಹಿಳೆಯರ ಮೊದಲ ವಿಶ್ವಕಪ್ ನಡೆದದ್ದು 1991ರಲ್ಲಿ, ಚೀನಾದಲ್ಲಿ. ಗುವಾಂಗ್‌ಝೌ ನಗರದಲ್ಲಿ ನಡೆದ ಫೈನಲ್‌ನಲ್ಲಿ ಮಿಶೆಲ್ ಏಕರ್ಸ್ ಅವರ ಎರಡು ಗೋಲುಗಳಿಂದ ಅಮೆರಿಕ ನಾರ್ವೆಯನ್ನು 2–1ರಿಂದ ಸೋಲಿಸಿತು. ಆ 18 ಮಂದಿಯ ತಂಡದಲ್ಲಿ 9 ಮಂದಿ ಚಾಪೆಲ್ ಹಿಲ್ ಮೈದಾನದಲ್ಲಿ ತಯಾರಾದವರು: ನಾಯಕಿ ಏಪ್ರಿಲ್ ಹೈನ್‌ರಿಕ್ಸ್, ಕ್ರಿಸ್ಟೀನ್ ಲಿಲ್ಲಿ, ಆಗಿನ್ನೂ 19 ವರ್ಷದ ಮಿಯಾ ಹ್ಯಾಮ್ ಅವರಲ್ಲಿದ್ದರು. ಹ್ಯಾಮ್ ಅವರನ್ನು ಡಾರನ್ಸ್ ರಾಷ್ಟ್ರೀಯ ತಂಡದಲ್ಲಿ ಮೊದಲು ಆಡಿಸಿದ್ದು 1987ರಲ್ಲಿ, ಆಕೆಗೆ 15 ವರ್ಷವಿದ್ದಾಗ. ಹಿಂದಿನ ಉತ್ತರದಲ್ಲಿ ಬಾಕಿ ಉಳಿಸಿದ ಅರ್ಧ ಇದೇ. ಕಾಲೇಜಿನ ನಿಯಮ ಎಷ್ಟೇ ಬೇರೆಯಾಗಿದ್ದರೂ ಅಲ್ಲಿ ಬೆಳೆದ ಆಟಗಾರ್ತಿಯರು ಜಗತ್ತನ್ನು ಗೆದ್ದರು.

ಪುರುಷರ ಕಡೆ ಬ್ರೂಸ್ ಅರೀನಾ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 1978ರಿಂದ 1995ರವರೆಗೆ ಇದ್ದು ಐದು ಬಾರಿ ಕಾಲೇಜು ಚಾಂಪಿಯನ್ ಆದರು, ಆಮೇಲೆ ವೃತ್ತಿಪರ ಲೀಗ್‌ಗೆ ಹೋಗಿ ಅದರ ಮೊದಲ ಎರಡು ವರ್ಷದ ಪ್ರಶಸ್ತಿಗಳನ್ನೂ ಗೆದ್ದರು. 2002ರ ವಿಶ್ವಕಪ್ಪಿನಲ್ಲಿ ಅಮೆರಿಕವನ್ನು ಕ್ವಾರ್ಟರ್ ಫೈನಲ್‌ವರೆಗೆ ಒಯ್ದರು. ಬಾಬ್ ಬ್ರ್ಯಾಡ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಹನ್ನೆರಡು ವರ್ಷ ದುಡಿದವರು. 2016ರಲ್ಲಿ ಸ್ವಾನ್ಸಿ ಕ್ಲಬ್ಬಿಗೆ ಬಂದಾಗ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ ಮೊದಲ ಅಮೆರಿಕನ್ ಕೋಚ್ ಎನಿಸಿದರು. ಇದಕ್ಕೆ ವಿರುದ್ಧವಾಗಿ ಇಂಡಿಯಾನಾದ ಜೆರಿ ಯೇಗ್ಲಿ ಎಲ್ಲಿಗೂ ಹೋಗಲಿಲ್ಲ. ಕ್ಲಬ್ ಆಗಿದ್ದ ತಂಡವನ್ನು 1973ರಲ್ಲಿ ಅಧಿಕೃತ ತಂಡವಾಗಿಸಿ, ಆರು ಪ್ರಶಸ್ತಿ ಗೆದ್ದು, 2003ರಲ್ಲಿ ಆರನೆಯದನ್ನು ಗೆದ್ದ ಕೈಯಲ್ಲೇ ನಿವೃತ್ತರಾದರು. ಅರೀನಾ ಅವರ ಏಣಿಗಿಂತ ಯೇಗ್ಲಿ ಅವರ ಬೇರು ನನಗೆ ಹೆಚ್ಚು ಹಿಡಿಸುತ್ತದೆ. ಇದು ನನ್ನ ರುಚಿ, ನಿಮ್ಮದು ಬೇರೆಯಿರಬಹುದು.

ಪ್ರಶ್ನೆ: ಮಹಿಳಾ ತಂಡಗಳಿಗೂ ಪುರುಷರೇ ಕೋಚ್ ಆಗಿರುವುದು ಏಕೆ? ಹೆಣ್ಣುಮಕ್ಕಳಿಗೆಂದು ಬಂದ ಕಾನೂನಿನ ಲಾಭ ಗಂಡಸರಿಗೆ ಸಿಕ್ಕಂತಾಯಿತಲ್ಲ!
– ಮಂಗಳೂರಿನ ಎಂ.ಪಿ.ಎಡ್. ವಿದ್ಯಾರ್ಥಿನಿ

ಉತ್ತರ: ನೀವು ಹೇಳಿದ್ದು ಕಹಿಯಾದರೂ ಸರಿ. 1979ರಲ್ಲಿ ಫುಟ್‌ಬಾಲ್ ಆಡಿ ಬೆಳೆದ ಮಹಿಳೆಯರೇ ಅಮೆರಿಕದಲ್ಲಿ ವಿರಳವಾಗಿದ್ದುದರಿಂದ ಮೊದಲ ಪೀಳಿಗೆಯ ಕೋಚ್‌ಗಳು ಪುರುಷರಾದದ್ದು ಅರ್ಥವಾಗುತ್ತದೆ. ಎರಡನೆಯ ಪೀಳಿಗೆಗೂ ಅದೇ ಮುಂದುವರಿದದ್ದಕ್ಕೆ ಮಾತ್ರ ಈ ಸಮಜಾಯಿಷಿ ಸಾಲದು. ಮಹಿಳಾ ತಂಡಕ್ಕೆ ವಿದ್ಯಾರ್ಥಿವೇತನ, ಪ್ರಯಾಣದ ಖರ್ಚು, ಒಳ್ಳೆಯ ಸಂಬಳ ಬಂದಂತೆಲ್ಲ ಆ ಹುದ್ದೆಗೆ ಪುರುಷರ ಸಾಲು ಉದ್ದವಾಯಿತು.

ಆದರೂ ಬದಲಾವಣೆ ಆಗಿದೆ. ಬೆಕಿ ಬರ್ಲಿ ಎಂಬವರು 1995ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಹೊಸ ತಂಡವೊಂದನ್ನು ಶೂನ್ಯದಿಂದ ಕಟ್ಟಿ, 1998ರ ಫೈನಲ್‌ನಲ್ಲಿ ಡಾರನ್ಸ್ ಅವರ ತಂಡವನ್ನೇ 1–0ಯಿಂದ ಮಣಿಸಿದರು. 2022ರ ಫೈನಲ್‌ನಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯ ತಂಡದ ಮಾರ್ಗರೀಟ್ ಅಓಝಾಸಾ, ಮುಖ್ಯ ಕೋಚ್ ಆದ ಮೊದಲ ವರ್ಷವೇ, ಎರಡು ಗೋಲು ಹಿಂದಿದ್ದ ಪಂದ್ಯವನ್ನು ಕೊನೆಯ 16 ಸೆಕೆಂಡುಗಳಿರುವಾಗ ಸಮಗೊಳಿಸಿಕೊಂಡು ಹೆಚ್ಚುವರಿ ಅವಧಿಯಲ್ಲಿ 3–2ರಿಂದ ಗೆದ್ದರು. ಸೋತದ್ದು ಅಂದೂ ಡಾರನ್ಸ್ ತಂಡವೇ. ಅವರ ಶಿಷ್ಯೆ ಹೈನ್‌ರಿಕ್ಸ್ ಮೇರಿಲ್ಯಾಂಡ್, ವರ್ಜೀನಿಯಾ ವಿಶ್ವವಿದ್ಯಾಲಯಗಳಲ್ಲಿ ಕೋಚ್ ಆಗಿ, ಆಮೇಲೆ ರಾಷ್ಟ್ರೀಯ ತಂಡಕ್ಕೆ 2004ರ ಒಲಿಂಪಿಕ್ ಚಿನ್ನ ತಂದರು. ಇನ್ನೊಬ್ಬ ಶಿಷ್ಯೆ ಸಿಂಡಿ ಪಾರ್ಲೋ ಕೋನ್ 2020ರಲ್ಲಿ ಅಮೆರಿಕದ ಫುಟ್‌ಬಾಲ್ ಫೆಡರೇಷನ್‌ನ ಅಧ್ಯಕ್ಷೆಯಾದರು. ನೀವು ಓದು ಮುಗಿಸುವಷ್ಟರಲ್ಲಿ ಸಾಲು ಇನ್ನಷ್ಟು ಮುಂದೆ ಸರಿದಿರಲಿ.

ಪ್ರಶ್ನೆ: ಇವರ ವಿರುದ್ಧ ಆಟಗಾರ್ತಿಯರು ನ್ಯಾಯಾಲಯಕ್ಕೆ ಹೋಗಿದ್ದರೆಂದು ಓದಿದ ನೆನಪು. ಹೊಗಳುವಾಗ ಅದನ್ನೇಕೆ ಬಿಟ್ಟಿರಿ?
– ಮೈಸೂರಿನ ಓದುಗರು

ಉತ್ತರ: ಬಿಡಬಾರದಿತ್ತು, ಹಿಂದಿನ ಬರಹದ ಕೊರತೆ ಅದು. 1998ರಲ್ಲಿ ಅವರ ತಂಡದ ಇಬ್ಬರು ಮಾಜಿ ಆಟಗಾರ್ತಿಯರು ಲೈಂಗಿಕ ಕಿರುಕುಳದ ದೂರಿನೊಂದಿಗೆ ಮೊಕದ್ದಮೆ ಹೂಡಿದರು. ಆಟಗಾರ್ತಿಯರ ಖಾಸಗಿ ಬದುಕಿನ ಬಗ್ಗೆ ಮೈದಾನದಲ್ಲಿ, ತಂಡದ ಮಾತುಕತೆಗಳಲ್ಲಿ ಕೋಚ್ ಆಡುತ್ತಿದ್ದ ಮಾತುಗಳೇ ದೂರಿನ ಕೇಂದ್ರವಾಗಿದ್ದವು. ಕಿರುಕುಳದ ಆರೋಪವನ್ನು ಡಾರನ್ಸ್ ಅಲ್ಲಗಳೆದರು. ಒಬ್ಬರ ಪ್ರಕರಣ 2004ರಲ್ಲಿ ಸಂಧಾನದಲ್ಲಿ ಮುಗಿಯಿತು. ಇನ್ನೊಬ್ಬರ ದೂರನ್ನು ಕೆಳಗಿನ ನ್ಯಾಯಾಲಯ ತಳ್ಳಿಹಾಕಿದ್ದರೂ, 2007ರಲ್ಲಿ ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠ ಅದು ವಿಚಾರಣೆಗೆ ಅರ್ಹವೆಂದು ಹೇಳಿತು. 2008ರಲ್ಲಿ 3,85,000 ಡಾಲರ್‌ಗೆ ಸಂಧಾನವಾಯಿತು. ಅಂಥ ಮಾತುಕತೆಗಳಲ್ಲಿ ತಾವು ಪಾಲ್ಗೊಂಡದ್ದು ಸರಿಯಲ್ಲವೆಂದು ಡಾರನ್ಸ್ ಬರಹದಲ್ಲಿ ಕ್ಷಮೆ ಕೇಳಿದರು.

ಸಂಧಾನವಾದ್ದರಿಂದ ನ್ಯಾಯಾಲಯದ ಅಂತಿಮ ತೀರ್ಪು ಎಂಬುದು ಬರಲಿಲ್ಲ, ಹಾಗಾಗಿ ನಾನೂ ತೀರ್ಪು ಕೊಡುವುದಿಲ್ಲ. ಆದರೆ ವೃತ್ತಿಯ ಬಗ್ಗೆ ಒಂದು ಮಾತು ಹೇಳಬೇಕಾಗಿದೆ. ಯಾರು ಆಡಬೇಕು, ಯಾರಿಗೆ ಎಷ್ಟು ವಿದ್ಯಾರ್ಥಿವೇತನ, ಯಾರ ಹೆಸರು ರಾಷ್ಟ್ರೀಯ ತಂಡದವರೆಗೆ ಹೋಗಬೇಕು ಎಂಬುದೆಲ್ಲ ಒಬ್ಬನೇ ವ್ಯಕ್ತಿಯ ಕೈಯಲ್ಲಿರುವಾಗ, ಹದಿನೆಂಟು ವರ್ಷದ ಹುಡುಗಿಯೊಬ್ಬಳು ‘ಈ ಮಾತು ನನಗೆ ಹಿಡಿಸಲಿಲ್ಲ’ ಎನ್ನುವುದು ಸುಲಭವಲ್ಲ. ಸಲಿಗೆಯೆಂದು ಕೋಚ್‌ಗೆ ಕಾಣುವುದು ಎದುರಿನವಳಿಗೆ ಬೇರೆಯಾಗಿಯೇ ಕಾಣಬಹುದು. ಪ್ರತಿಯೊಂದು ಒದೆತಕ್ಕೂ ಲೆಕ್ಕ ಇಟ್ಟ ಮನುಷ್ಯ ತನ್ನ ಮಾತಿಗೂ ಲೆಕ್ಕ ಇಡಬೇಕಿತ್ತು ಎಂದು ನನಗನ್ನಿಸುತ್ತದೆ.

ಪ್ರಶ್ನೆ: ನಾವು ಮೂಲತಃ ಹಾಸನದವರು, ಈಗ ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ ನೆಲೆಸಿದ್ದೇವೆ. ಮಗಳು 10ನೆಯ ತರಗತಿಯಲ್ಲಿದ್ದು ಕ್ಲಬ್ ತಂಡದಲ್ಲಿ ಡಿಫೆಂಡರ್ ಆಗಿ ಆಡುತ್ತಾಳೆ. ಕಾಲೇಜು ಕೋಚ್‌ಗಳು ಆಟಗಾರರನ್ನು ಆರಿಸುವುದು ಹೇಗೆ? ನಾನೇ ಕೋಚ್‌ಗೆ ಪತ್ರ ಬರೆಯಬಹುದೇ?
– ತಾಯಿಯೊಬ್ಬರು

ಉತ್ತರ: ದಯವಿಟ್ಟು ನೀವು ಬರೆಯಬೇಡಿ, ಮಗಳೇ ಬರೆಯಲಿ. ನಾಲ್ಕು ವರ್ಷ ತನ್ನೊಂದಿಗೆ ಇರಬೇಕಾದವಳು ತಾಯಿಯಲ್ಲ ಎಂಬುದು ಕೋಚ್‌ಗೆ ಗೊತ್ತು. ಈಗಿನ ನಿಯಮದಂತೆ ಉನ್ನತ ದರ್ಜೆಯ ಕೋಚ್‌ಗಳು 10ನೆಯ ತರಗತಿ ಮುಗಿದ ಮೇಲೆ ಬರುವ ಜೂನ್ 15ಕ್ಕೆ ಮೊದಲು ಆಟಗಾರ್ತಿಯೊಂದಿಗೆ ನೇರವಾಗಿ ಮಾತನಾಡುವಂತಿಲ್ಲ. ಆದರೆ ಹುಡುಗಿ ಅದಕ್ಕೂ ಮೊದಲೇ ಬರೆಯಬಹುದು. ಉತ್ತರ ಬರದಿದ್ದರೆ ತಿರಸ್ಕಾರವೆಂದು ತಿಳಿಯಬಾರದು. ಪತ್ರ ಚಿಕ್ಕದಿರಲಿ: ಯಾವ ಸ್ಥಾನದಲ್ಲಿ ಆಡುತ್ತಾಳೆ, ಮುಂದಿನ ಟೂರ್ನಿ ಎಲ್ಲಿ, ಅಂಗಿಯ ಸಂಖ್ಯೆ ಏನು, ಓದಿನಲ್ಲಿ ಅಂಕ ಎಷ್ಟು, ಜೊತೆಗೆ ಮೂರು ನಾಲ್ಕು ನಿಮಿಷದ ವಿಡಿಯೊ. ಅಂಕವನ್ನು ಏಕೆ ಹೇಳಿದೆನೆಂದರೆ, ಪ್ರವೇಶ ಸಿಗದ ಆಟಗಾರ್ತಿಯ ಹಿಂದೆ ಅಲೆಯಲು ಯಾವ ಕೋಚ್‌ಗೂ ಪುರುಸೊತ್ತಿಲ್ಲ.

ಕೋಚ್‌ನ ವೃತ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಈ ಹುಡುಕಾಟವೇ. ಋತುವಿನ ದಿನಗಳಲ್ಲಿ ವಿದ್ಯಾರ್ಥಿಗಳ ಅಭ್ಯಾಸಕ್ಕೆ ವಾರಕ್ಕೆ 20 ಗಂಟೆಗಳ ಮಿತಿಯಿದೆ, ಒಂದು ದಿನ ಕಡ್ಡಾಯ ಬಿಡುವು. ಕೋಚ್‌ಗೆ ಅಂಥ ಮಿತಿಯೇನೂ ಇಲ್ಲ. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಪಂದ್ಯ, ಉಳಿದ ತಿಂಗಳು ಕ್ಲಬ್ ಟೂರ್ನಿಗಳ ಮೈದಾನದಂಚಿನಲ್ಲಿ ಮಡಚುವ ಕುರ್ಚಿ ಹಾಕಿ ಕೂರುವುದು, ಬೇಸಿಗೆಯಲ್ಲಿ ಮಕ್ಕಳ ಶಿಬಿರ. ಪ್ರತಿ ವರ್ಷ ತಂಡದ ಕಾಲು ಭಾಗ ಪದವಿ ಪಡೆದು ಹೊರಟುಹೋಗುತ್ತದೆ. ಆ ಜಾಗ ತುಂಬಲಾಗದ ಕೋಚ್ ನಾಲ್ಕು ವರ್ಷದಲ್ಲಿ ತಾನೂ ಹೊರಡಬೇಕಾಗುತ್ತದೆ.

ಇತ್ತೀಚಿನ ಎರಡು ಸಂಗತಿಗಳನ್ನು ನೀವು ತಿಳಿದಿರಬೇಕು. 2018ರಿಂದ ಇರುವ ವರ್ಗಾವಣೆ ವ್ಯವಸ್ಥೆಯಿಂದಾಗಿ ಬೇರೆ ಕಾಲೇಜಿನಲ್ಲಿ ಈಗಾಗಲೇ ಆಡಿ ಪಳಗಿದವರನ್ನು ಕೋಚ್‌ಗಳು ಸುಲಭವಾಗಿ ಕರೆತರುತ್ತಾರೆ. ಶಾಲೆ ಮುಗಿಸಿ ಬರುವವರಿಗೆ ಅಷ್ಟರಮಟ್ಟಿಗೆ ಜಾಗ ಕಡಿಮೆ. 2025ರಿಂದ, ಆಟಗಾರರೊಂದಿಗೆ ಆದಾಯ ಹಂಚಿಕೊಳ್ಳುವ ಒಪ್ಪಂದಕ್ಕೆ ಸೇರಿದ ವಿಶ್ವವಿದ್ಯಾಲಯಗಳಲ್ಲಿ 14 ವಿದ್ಯಾರ್ಥಿವೇತನಗಳ ಹಳೆಯ ಮಿತಿ ಹೋಗಿ, ತಂಡದಲ್ಲಿ ಒಟ್ಟು 28 ಮಂದಿ ಮಾತ್ರ ಎಂಬ ಮಿತಿ ಬಂದಿದೆ. ಆದ್ದರಿಂದ ದೊಡ್ಡ ಹೆಸರುಗಳಿಗೇ ಅಂಟಿಕೊಳ್ಳದೆ, ಎರಡನೆಯ ಮತ್ತು ಮೂರನೆಯ ದರ್ಜೆಯ ಕಾಲೇಜುಗಳಿಗೂ ಬರೆಯಲಿ. ಮೂರನೆಯ ದರ್ಜೆಯಲ್ಲಿ ಕ್ರೀಡಾ ವಿದ್ಯಾರ್ಥಿವೇತನ ಇಲ್ಲ, ಆದರೆ ಓದಿಗೂ ಆಟಕ್ಕೂ ಸಮಯ ಸಿಗುತ್ತದೆ. ಇನ್ನೊಂದು ಕಿವಿಮಾತು: ವಿಡಿಯೊದಲ್ಲಿ ಕಾಣುವುದು ಚೆಂಡು ಕಾಲಲ್ಲಿದ್ದಾಗಿನ ಆಟ; ಕೋಚ್ ಮೈದಾನಕ್ಕೆ ಬಂದು ನೋಡುವುದು ಚೆಂಡು ಕಾಲಲ್ಲಿಲ್ಲದಾಗ ಹುಡುಗಿ ಏನು ಮಾಡುತ್ತಾಳೆ ಎಂಬುದನ್ನು.

ಪ್ರಶ್ನೆ: ನಾನು ಬಿ.ಪಿ.ಎಡ್. ಮುಗಿಸಿದ್ದೇನೆ. ಇಲ್ಲಿ ಕಾಲೇಜು ಫುಟ್‌ಬಾಲ್ ಕೋಚ್ ಎಂಬ ಹುದ್ದೆ ಸಿಗುತ್ತದೆಯೇ?
– ಕೊಪ್ಪಳದ ತರುಣ

ಉತ್ತರ: ಅಮೆರಿಕದ ಅರ್ಥದಲ್ಲಿ ಸಿಗುವುದು ಕಷ್ಟ. ನಮ್ಮ ಕಾಲೇಜುಗಳಲ್ಲಿರುವುದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ, ಅದಕ್ಕೆ ಎಂ.ಪಿ.ಎಡ್. ಮತ್ತು ನೆಟ್ ಅಥವಾ ಕೆ-ಸೆಟ್ ಬೇಕು, ಮತ್ತು ಧಾರವಾಡದ ಓದುಗರು ಬರೆದಂತೆ ಎಲ್ಲ ಆಟಗಳೂ ನಿಮ್ಮ ಪಾಲಿನವೇ. ಫುಟ್‌ಬಾಲೇ ನಿಮ್ಮ ದಾರಿಯಾದರೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಡಿ ಲೈಸೆನ್ಸ್‌ನಿಂದ ಶುರುಮಾಡಿ ಸಿ, ಬಿ, ಎ ಎಂದು ಏರಬೇಕು; ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇನ್ನೊಂದು ದಾರಿ. ಅಕಾಡೆಮಿಗಳಲ್ಲಿ, ಶಾಲೆಗಳಲ್ಲಿ, ಕ್ಲಬ್‌ಗಳಲ್ಲಿ ಈ ಲೈಸೆನ್ಸ್‌ಗೆ ಬೆಲೆಯಿದೆ. ಎರಡನ್ನೂ ಜೊತೆಯಾಗಿ ಮಾಡಿಟ್ಟುಕೊಳ್ಳುವುದು ಜಾಣತನ ಎಂದು ನನ್ನ ಸಲಹೆ.

ಪ್ರಶ್ನೆ: ಡಾರನ್ಸ್ ನಿವೃತ್ತರಾದ ಮೇಲೆ ಆ ತಂಡದ ಗತಿಯೇನಾಯಿತು?
– ಬೆಳಗಾವಿಯ ಓದುಗರು

ಉತ್ತರ: 2012ರ ಬಳಿಕ ಅವರ ತಂಡ 2018, 2019 ಮತ್ತು 2022ರಲ್ಲಿ ಫೈನಲ್ ತಲುಪಿ ಮೂರರಲ್ಲೂ ಸೋತಿತ್ತು. 22ನೆಯ ಎನ್‌ಸಿಎಎ ಪ್ರಶಸ್ತಿ ಕೈಗೆ ಬಂದಂತೆ ಬಂದು ಜಾರುತ್ತಿತ್ತು. ವಿಶ್ವವಿದ್ಯಾಲಯ ಹಳೆಯ ಮೈದಾನದ ಜಾಗದಲ್ಲಿ ಹೊಸ ಕ್ರೀಡಾಂಗಣ ಕಟ್ಟಿ, ಅಂಗಳಕ್ಕೆ ಅವರ ಹೆಸರನ್ನೇ ಇಟ್ಟಿತು. ತನ್ನ ಹೆಸರಿನ ಹುಲ್ಲಿನ ಮೇಲೆ ತಾನೇ ನಿಂತು ಪಾಠ ಹೇಳುವ ಯೋಗ ಎಷ್ಟು ಮೇಷ್ಟ್ರುಗಳಿಗೆ ಬರುತ್ತದೆ! 2024ರ ಆಗಸ್ಟ್‌ನಲ್ಲಿ, ಹೊಸ ಋತು ಆರಂಭವಾಗಲು ಕೆಲವೇ ದಿನಗಳಿದ್ದಾಗ, 73ನೆಯ ವಯಸ್ಸಿನಲ್ಲಿ ಅವರು ನಿವೃತ್ತಿ ಘೋಷಿಸಿದರು. ಸಹಾಯಕ ಕೋಚ್ ಆಗಿದ್ದ ಡೇಮನ್ ನಹಾಸ್ ಅವರಿಗೆ ತಾತ್ಕಾಲಿಕವಾಗಿ ಹೊಣೆ ಒಪ್ಪಿಸಲಾಯಿತು.

ಅದೇ ಡಿಸೆಂಬರ್‌ನಲ್ಲಿ ಫೈನಲ್ ನಡೆದದ್ದು ಹಾಸನ ಮೂಲದ ತಾಯಿ ಪತ್ರ ಬರೆದಿರುವ ಕ್ಯಾರಿ ಊರಿನಲ್ಲೇ, ಚಾಪೆಲ್ ಹಿಲ್‌ನಿಂದ ಅರ್ಧ ಗಂಟೆಯ ಹಾದಿ. ಎದುರಾಳಿ ಅದೇ ರಾಜ್ಯದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯ. ಡಾರನ್ಸ್ ಹನ್ನೆರಡು ವರ್ಷ ಕಾದಿದ್ದ 22ನೆಯ ಪ್ರಶಸ್ತಿಯನ್ನು, ಅವರ ಕಾಲದಲ್ಲೇ ಆರಿಸಿ ತಂದ ಹುಡುಗಿಯರು, ಅವರಿಲ್ಲದ ಮೊದಲ ಋತುವಿನಲ್ಲಿ, 1–0 ಅಂತರದಿಂದ ಗೆದ್ದರು.